ಖಾಲಿ ಎನ್ನಬಾರದ ಮನೆ

ನಮ್ಮ ಮನೆಯ ಹೊಸ್ತಿಲ ಹೊರಗೆ ಯಾವಾಗಲೂ ಎರಡು ಚೊಂಬು ನೀರು ಇರುತ್ತಿತ್ತು. ಒಂದು ಕಾಲಿಗೆ, ಎಲ್ಲರ ಮನೆಯಲ್ಲೂ ಇದ್ದಂತೆ. ಇನ್ನೊಂದು ಅಪ್ಪಾಜಿಯ ಬಾಯಿಗೆ. ಊಟಕ್ಕೆ ಬಂದ ಅಪ್ಪಾಜಿ ಮೊದಲು ಕಾಲು ತೊಳೆದುಕೊಂಡು, ಆಮೇಲೆ ಆ ಎರಡನೇ ಚೊಂಬು ಎತ್ತಿ, ಗಳಗಳ ಬಾಯಿ ಮುಕ್ಕಳಿಸಿ, ಚರಂಡಿಗೆ ಉಗುಳಿಯೇ ಒಳಗೆ ಬರಬೇಕು. ಮರೆತು ಬಂದರೆ ಅವ್ವ ಅಡುಗೆಮನೆಯಿಂದಲೇ ಹಿಡಿಯುತ್ತಿದ್ದಳು.

“ಉಗುಳಿದ್ರಾ?”

“ಉಗುಳ್ದೆ.”

“ಸುಳ್ಳು ಹೇಳಬ್ಯಾಡ್ರಿ, ಸಪ್ಪಳಾನೇ ಕೇಳ್ಲಿಲ್ಲ.”

ಅಪ್ಪಾಜಿ ಮತ್ತೆ ಹೊಸ್ತಿಲಾಚೆ ಹೋಗುತ್ತಿದ್ದರು. ನಮ್ಮ ಬೀದಿಯಲ್ಲಿ ಕುಡಿದು ಬಂದ ಗಂಡಂದಿರಿಗೆ ಬಾಯಿ ತೊಳೆಸುವ ಹೆಂಗಸರಿದ್ದರು. ನಮ್ಮ ಅಪ್ಪಾಜಿಗೆ ಎಲೆಅಡಿಕೆಯ ಚಟ ಕೂಡ ಇರಲಿಲ್ಲ. ಅವರು ಉಗುಳಿ ಬರಬೇಕಾಗಿದ್ದದ್ದು ಒಂದು ಮಾತನ್ನು. ಬೆಳಗಿನಿಂದ ಅವರ ಬಾಯಲ್ಲಿ ಓಡಾಡುತ್ತಿದ್ದ ಆ ಮಾತು ‘ಖಾಲಿ’.

ಅಪ್ಪಾಜಿ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಏಜೆಂಟರು ಎಂದರೆ ಕುರ್ಚಿ, ಮೇಜು, ಫ್ಯಾನು ಎಂದೆಲ್ಲ ಕಲ್ಪಿಸಿಕೊಳ್ಳುವುದು ಬೇಡ. ಬಸ್ಸು ಬಂದು ನಿಂತ ಕೂಡಲೇ ಬಾಗಿಲ ಪಕ್ಕ ನಿಂತು ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವ ಕೆಲಸ ಅದು. “ಹೊನ್ನಾಳಿ ಹೊನ್ನಾಳಿ ನ್ಯಾಮತಿ! ಖಾಲಿ ಐತೆ ಖಾಲಿ ಐತೆ, ಹತ್ರಿ ಹತ್ರಿ!” ಒಳಗೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಯಲ್ಲಿದ್ದರೂ, ಕ್ಲೀನರ್ ಹಿಂದಿನ ಏಣಿಗೆ ಜೋತುಬಿದ್ದಿದ್ದರೂ, ಅಪ್ಪಾಜಿಯ ಪಾಲಿಗೆ ಬಸ್ಸು ಖಾಲಿ. ಅನುಮಾನಿಸಿ ನಿಲ್ಲುವ ಮುದುಕಿಯರಿಗೆ ಅವರದೇ ಒಂದು ವರಸೆ ಇತ್ತು. ಮೊದಲು ಕೈಯಲ್ಲಿದ್ದ ಚೀಲ ಇಸಿದುಕೊಂಡು ಕಿಟಕಿಯಿಂದ ಒಳಗೆ ತೂರಿಸುವುದು. ಚೀಲ ಹೋದ ಮೇಲೆ ಮುದುಕಿ ಹೋಗದೆ ಇರುತ್ತಾಳೆಯೇ? ಎಳೆಮಕ್ಕಳ ತಾಯಂದಿರಾದರೆ ಮಗುವನ್ನೇ ಎತ್ತಿ ಒಳಗೆ ಕೂತವರ ತೊಡೆಯ ಮೇಲೆ ಇಟ್ಟುಬಿಡುವುದು. ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೇ ನಮ್ಮ ಬಾಡಿಗೆ ಮನೆ ಇದ್ದದ್ದರಿಂದ ಆ ಕೂಗು ನಮ್ಮ ಅಡುಗೆಮನೆಗೆ ನೇರವಾಗಿ ಬರುತ್ತಿತ್ತು. ಅವ್ವನಿಗೆ ಗಡಿಯಾರ ಬೇಕಿರಲಿಲ್ಲ. ಸಂತೇಬೆನ್ನೂರಿನ ಬಸ್ಸು ಕೂಗಿದರೆ ಅನ್ನಕ್ಕೆ ಇಡುತ್ತಿದ್ದಳು, ಬಸವಾಪಟ್ಟಣದ್ದು ಕೂಗಿದರೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

ಇತ್ತ ಅವ್ವನ ರಾಜ್ಯದಲ್ಲಿ ಆ ಮಾತಿಗೆ ಜಾಗವೇ ಇರಲಿಲ್ಲ. ಅಕ್ಕಿಯ ಡಬ್ಬಿಯ ತಳ ಕಂಡರೆ “ಅಕ್ಕಿ ತುಂಬೈತೆ” ಎನ್ನಬೇಕು. ಎಣ್ಣೆ ಮುಗಿದರೆ ಎಣ್ಣೆಯೂ ತುಂಬೈತೆ. ಪಕ್ಕದ ಮನೆಯವರು ಬಟ್ಟಲಲ್ಲಿ ಏನಾದರೂ ಕಳಿಸಿದರೆ ಆ ಬಟ್ಟಲು ಬರಿದಾಗಿ ವಾಪಸ್ ಹೋಗುವಂತಿಲ್ಲ, ಏನೂ ಇಲ್ಲವೆಂದರೆ ಒಂದು ಚಿಟಿಕೆ ಸಕ್ಕರೆ. ಬರಿಗೊಡವನ್ನು ಬಾಗಿಲಿಗೆ ಎದುರಾಗಿ ಇಡಬಾರದು. ಕತ್ತರಿಯನ್ನು ಬಟ್ಟೆಯಿಲ್ಲದೆ ಆಡಿಸಬಾರದು. ದಾವಣಗೆರೆ ಕಡೆಯ ಹೋಟೆಲುಗಳಲ್ಲಿ ಪಲ್ಯವಿಲ್ಲದ ಮೆತ್ತನೆಯ ದೋಸೆಗೆ ಖಾಲಿ ದೋಸೆ ಎನ್ನುತ್ತಾರಲ್ಲ, ಅದನ್ನು ನಮ್ಮ ಮನೆಯಲ್ಲಿ ಮಾಡಿದರೆ ಅದು ದಪ್ಪ ದೋಸೆ. ಶಾಲೆಯಿಂದ ಬಂದು “ಇವತ್ತು ಮೇಷ್ಟ್ರು ಬಂದಿರ್ಲಿಲ್ಲ, ಪೀರಿಯಡ್ ಖಾಲಿ” ಎಂದು ನಾನು ಒಮ್ಮೆ ಅಂದದ್ದಕ್ಕೆ ಸೌಟಿನ ಹಿಡಿ ನನ್ನ ಬೆನ್ನ ಮೇಲೆ ಬಿತ್ತು. ಅಟ್ಟದ ಮೇಲೆ ಒಂದು ಮರದ ತೊಟ್ಟಿಲಿತ್ತು, ಅದರೊಳಗೆ ಒಂದು ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದಳು. ಅಟ್ಟ ಗುಡಿಸುವಾಗಲೂ ಕಲ್ಲನ್ನು ತೆಗೆಯುವಂತಿರಲಿಲ್ಲ.

ಅದರ ಕಾರಣವನ್ನು ನನಗೆ ಹೇಳಿದ್ದು ಅವ್ವ ಅಲ್ಲ, ಅಪ್ಪಾಜಿಯ ಅಕ್ಕ, ನ್ಯಾಮತಿಯ ಸೋದರತ್ತೆ. ನನ್ನ ಅಕ್ಕ ಶಾರದಳಿಗೂ ನನಗೂ ನಡುವೆ ಒಂದು ಗಂಡು ಮಗು ಹುಟ್ಟಿ, ಕೂರಲು ಕಲಿಯುವ ಮೊದಲೇ ಹೋಗಿಬಿಟ್ಟಿತಂತೆ. ಮಾತಾಡಿಸಲು ಬಂದಿದ್ದ ಒಬ್ಬ ಹೆಂಗಸು ಅಂಗಳದಲ್ಲಿ ನಿಂತು, “ತೊಟ್ಲು ಖಾಲಿ ಆತಲ್ಲೇ ಗಿರಿಜಾ” ಅಂದಳಂತೆ. ಅವತ್ತು ಸಂಜೆಯೇ ಅವ್ವ ಆ ಕಲ್ಲನ್ನು ತೊಟ್ಟಿಲಿಗೆ ಹಾಕಿದಳು. ಇದನ್ನು ತಿಳಿದ ಮೇಲಾದರೂ ನಾನು ಅವ್ವನ ಕಟ್ಟಳೆಗಳ ಬಗ್ಗೆ ಮೂಗು ಮುರಿಯುವುದನ್ನು ಬಿಡಬೇಕಿತ್ತು. ಬಿಡಲಿಲ್ಲ. ಹೊರಗೆ ಒಬ್ಬರು ತುಂಬಿದ್ದನ್ನು ಖಾಲಿ ಎನ್ನುವುದು, ಒಳಗೆ ಒಬ್ಬರು ಮುಗಿದದ್ದನ್ನು ತುಂಬಿದೆ ಎನ್ನುವುದು, ಇಂಥ ಮನೆಯಲ್ಲಿ ಹುಟ್ಟಿದೆನಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ನನ್ನ ನಾಚಿಕೆಯ ಮೂಲ ಮಾತ್ರ ಶಾಲೆಯಲ್ಲಿತ್ತು. ಬೆಂಚಿನಲ್ಲಿ ಒಂದಿಷ್ಟು ಜಾಗ ಕಂಡರೆ ಸಾಕು, ಯಾರಾದರೂ ಒಬ್ಬಳು ಮೂಗು ಹಿಡಿದುಕೊಂಡು “ಖಾಲಿ ಐತೆ ಖಾಲಿ ಐತೆ, ಹತ್ರಿ ಹತ್ರಿ” ಎಂದು ಶುರುಮಾಡುತ್ತಿದ್ದಳು. ಕ್ಲಾಸೆಲ್ಲ ನನ್ನ ಕಡೆ ತಿರುಗುತ್ತಿತ್ತು. ಗಣಿತದ ಮೇಷ್ಟ್ರು ಕೂಡ ಒಮ್ಮೆ ಸೊನ್ನೆ ಬರೆದು, “ಇದು ಖಾಲಿ, ಇವರಪ್ಪನ್ನ ಕೇಳ್ರಿ” ಅಂದರು. ಸ್ಟ್ಯಾಂಡು ದಾಟಿದರೆ ಶಾಲೆ ಹತ್ತಿರ. ನಾನು ಕೆರೆಯ ಕಡೆಯಿಂದ ಸುತ್ತಿ ಹೋಗುತ್ತಿದ್ದೆ, ಅಪ್ಪಾಜಿ ಎಲ್ಲರೆದುರು ನನ್ನನ್ನು ಹೆಸರು ಹಿಡಿದು ಕರೆದಾರು ಎಂಬ ಭಯಕ್ಕೆ. ಅದೇ ಮನುಷ್ಯ ಮನೆಯೊಳಗೆ ಬಂದರೆ ದನಿಯೇ ಇರುತ್ತಿರಲಿಲ್ಲ. ಇಡೀ ದಿನ ಕೂಗಿ ಸೋತ ಗಂಟಲಿಗೆ ಅವ್ವ ಮೆಣಸು, ಬೆಲ್ಲದ ಕಷಾಯ ಕೊಡುತ್ತಿದ್ದಳು. ಅವರು ಪಿಸುಮಾತಿನಲ್ಲಿ ಉಪ್ಪು ಕೇಳುವುದು, ಪಿಸುಮಾತಿನಲ್ಲಿ ನನ್ನ ಮಾರ್ಕ್ಸು ಕೇಳುವುದು. ನನ್ನನ್ನು ಗದರಿದ್ದು ನೆನಪಿಲ್ಲ. ಈ ಮೆತ್ತನೆಯ ಅಪ್ಪಾಜಿಯನ್ನು ಯಾರೂ ನೋಡಿಲ್ಲವಲ್ಲ, ಆ ಕೂಗುವ ಅಪ್ಪಾಜಿಯನ್ನು ಎಲ್ಲರೂ ನೋಡಿದ್ದಾರಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಅಕ್ಕನಿಗೆ ಗಂಡು ನೋಡಲು ಶುರುಮಾಡಿದಾಗ ನನ್ನೊಬ್ಬಳದಾಗಿದ್ದ ನಾಚಿಕೆ ಮನೆಯವರೆಲ್ಲರದೂ ಆಯಿತು. ಹೊನ್ನಾಳಿಯಿಂದ ಬಂದ ಒಂದು ಸಂಬಂಧ ಇನ್ನೇನು ಕುದುರಿತು ಎನ್ನುವಾಗ, ಹುಡುಗನ ಮಾವನೊಬ್ಬ “ಸ್ಟ್ಯಾಂಡ್ನಾಗೆ ಕೂಗೋನ ಮಗಳಂತೆ” ಅಂದನಂತೆ. ಅಲ್ಲಿಗೆ ಅದು ನಿಂತಿತು. ಅಕ್ಕ ವಾರಗಟ್ಟಲೆ ಸರಿಯಾಗಿ ಉಣ್ಣಲಿಲ್ಲ. ಕನ್ನಡಿಯ ಮುಂದೆ ನಿಂತು ಬೈತಲೆ ತೆಗೆಯುವುದನ್ನೂ ಬಿಟ್ಟಳು. ಇನ್ನೊಂದು ಸಂಬಂಧ ಹೀಗೇ ಮುರಿದರೆ ಹುಡುಗಿಯ ಮೇಲೆಯೇ ಮಾತು ಬರುತ್ತದೆ ಎಂದು ಅವ್ವ ಹೆದರಿದ್ದಳು. ಆಗ ನ್ಯಾಮತಿ ಅತ್ತೆ ಸೆರಗು ಸಿಕ್ಕಿಸಿ ನಿಂತಳು. ಜಗಳೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಹುಡುಗನನ್ನು ಹುಡುಕಿ, ಹೆಣ್ಣು ನೋಡುವ ದಿನವನ್ನೂ ಗೊತ್ತುಮಾಡಿಕೊಂಡು ಬಂದು, ಅಪ್ಪಾಜಿಯನ್ನು ಎದುರಿಗೆ ಕೂರಿಸಿಕೊಂಡಳು.

“ನೋಡು ತಮ್ಮಾ, ನೀನು ಬಸ್ಸಿನ ಆಫೀಸ್ನಾಗೆ ಅದೀಯ ಅಂತ ಹೇಳೀನಿ. ಅವತ್ತು ಸ್ಟ್ಯಾಂಡ್ ಕಡಿಗೆ ತಲಿ ಹಾಕಬ್ಯಾಡ. ಅವ್ರು ಬಂದಾಗ ಕೈ ಮುಗಿ, ಕುಂತ್ಕ, ನಗು. ಬಾಯಿ ಮಾತ್ರ ಬಿಡಬ್ಯಾಡ.”

“ಆಗ್ಲಕ್ಕ.”

“ಉಳಿದಿದ್ದು ನಾನು ನೋಡ್ಕಂತೀನಿ.”

ಆ ದಿನ ಅಪ್ಪಾಜಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಪಕ್ಕದ ಮನೆಯಿಂದ ತಂದ ಕುರ್ಚಿಯ ಮೇಲೆ, ಫೋಟೋ ತೆಗೆಸಿಕೊಳ್ಳುವವರಂತೆ ಕೂತರು. ಅವರನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನನ್ನ ಕ್ಲಾಸಿನವರನ್ನೆಲ್ಲ ಕರೆತಂದು ತೋರಿಸಬೇಕೆನ್ನಿಸಿತು. ಅವ್ವ ಮಂಡಕ್ಕಿಗೆ ಒಗ್ಗರಣೆ ಹಾಕಿದ್ದಳು, ಅಕ್ಕ ಮೆಣಸಿನಕಾಯಿ ಬೋಂಡಕ್ಕೆ ಹಿಟ್ಟು ಕಲಸಿ ಇಟ್ಟಿದ್ದಳು. ಐದಾರು ಜನ ಬರುತ್ತಾರೆ ಎಂದಿದ್ದರು. ಬಂದದ್ದು ಒಂದು ದಿಬ್ಬಣ. ಹುಡುಗ, ಅವನ ತಾಯಿ ಹಾಲಮ್ಮ, ಚಿಕ್ಕಪ್ಪಂದಿರು, ಅತ್ತಿಗೆಯರು, ಯಾರದೋ ಮಕ್ಕಳು. ಮುಂದೆ ಬಂದವರು ಬಾಗಿಲ ಹತ್ತಿರವೇ ಚಾಪೆ ಹಿಡಿದು ಕೂತರು. ಹಿಂದಿನವರು ಒಳಗೆ ಬರಲಾಗದೆ ಹೊಸ್ತಿಲ ಮೇಲೆ, ಕಟ್ಟೆಯ ಮೇಲೆ, ಓಣಿಯಲ್ಲಿ ಬಿಸಿಲಿಗೆ ನಿಂತರು. ಒಳಗಿನ ಮೂಲೆಯಲ್ಲಿ ಅರ್ಧ ಕೋಣೆ ಹಾಗೇ ಉಳಿದಿತ್ತು. ಅತ್ತೆ “ಬರ್ರಿ, ಬರ್ರಿ” ಎಂದು ಉಪಚಾರ ಮಾಡುತ್ತಿದ್ದಳು, ಯಾರೂ ಅಲುಗಾಡಲಿಲ್ಲ. ಬಾಗಿಲಲ್ಲಿ ಜನ ಕಟ್ಟಿಕೊಂಡು ಹಿಂದೆ ಜಾಗ ಉಳಿದಿರುವುದನ್ನು ಅಪ್ಪಾಜಿ ಸ್ವಲ್ಪ ಹೊತ್ತು ನೋಡಿದರು. ಕುರ್ಚಿಯಲ್ಲಿ ಒಮ್ಮೆ ಮಿಸುಕಿದರು. ಆಮೇಲೆ ಎದ್ದು ನಿಂತೇಬಿಟ್ಟರು.

“ಒಳಗ್ ಬರ್ರಿ, ಒಳಗ್ ಬರ್ರಿ! ಹಿಂದೆ ಖಾಲಿ ಐತೆ, ಖಾಲಿ ಐತೆ, ಖಾಲಿ ಐತೆ! ಬಾಗ್ಲು ಬಿಡ್ರಿ, ಒಳಗ್ ನಡೀರಿ!”

ಹೆಂಚು ಹಾರುವಂಥ ದನಿ. ಅಷ್ಟೇ ಆಗಿದ್ದರೆ ಹೇಗೋ ಮುಚ್ಚಿಹಾಕಬಹುದಿತ್ತು. ಹೊಸ್ತಿಲಲ್ಲಿ ನಿಂತಿದ್ದ ಒಬ್ಬ ಅಜ್ಜನ ಕೈಚೀಲ ಕಿತ್ತು ಆ ಮೂಲೆಗೆ ಎಸೆದೂ ಬಿಟ್ಟರು. ಅಜ್ಜ ಚೀಲದ ಹಿಂದೆ ಓಡಿದ. ಅವನ ಹಿಂದೆ ಉಳಿದವರು ಒಳಗೆ ಬಂದರು. ನಿಮಿಷದಲ್ಲಿ ಕೋಣೆ ಅಚ್ಚುಕಟ್ಟಾಗಿ ತುಂಬಿತು, ಎಲ್ಲರಿಗೂ ಜಾಗ ಸಿಕ್ಕಿತು. ಅಡುಗೆಮನೆಯಲ್ಲಿ ಅವ್ವ ಸೌಟು ಹಿಡಿದ ಕೈಯನ್ನು ಕೆಳಗಿಳಿಸಲೇ ಇಲ್ಲ. ನಾಳೆ ಮಗಳ ಮಡಿಲು ತುಂಬಬೇಕಾದವರ ಎದುರು, ಮನೆಯೊಳಗೆ, ಮೂರು ಸಲ ಆ ಮಾತು. ನನಗೆ ಅವ್ವನ ಸಂಕಟಕ್ಕಿಂತ ನನ್ನ ಮಾನವೇ ಹೆಚ್ಚಾಯಿತು. ಅಕ್ಕಿ ಮೂಟೆಯ ಹಿಂದೆ ಹೋಗಿ ಕೂತುಬಿಡಬೇಕೆನ್ನಿಸಿತು. ಹೊರಗಿನ ಕೋಣೆಯಲ್ಲಿ ಹಾಲಮ್ಮ ತಲೆಯೆತ್ತಿದರು.

“ಈ ದನಿ ನಾನು ಕೇಳೀನಿ.”

ಅತ್ತೆ ನಡುವೆ ಬಾಯಿ ಹಾಕಿದಳು. “ನಮ್ ತಮ್ಮಂದು ಸ್ವಲ್ಪ ದೊಡ್ಡ ದನಿ ಕಣ್ರಮ್ಮ, ಅದ್ಕೆ...”

“ಇಲ್ಲ, ಕೇಳೀನಿ. ಸಂತೇಬೆನ್ನೂರಿನ ನಮ್ ಅಕ್ಕನ್ನ ಕರ್ಕಂಡು ಇದೇ ಊರಿಗೆ ಬಂದಿದ್ದೆ. ಹೋಗಾಗ ನಮ್ಮ ಚೀಲ ಕಿಟಕಿಯಾಗೆ ಒಗೆದು, ಖಾಲಿ ಐತೆ ಹತ್ತಮ್ಮ ಅಂದ್ರಿ. ದಾವಣಗೆರೆ ತನಕ ಒಂಟಿಕಾಲಾಗೆ ನಿಂತು ಹೋದೆ. ಮಂಡಿ ಊದಿ ಹಾಸಿಗಿ ಹಿಡಿದಿದ್ದೆ. ಅದು ನೀವೇ ಅಲ್ಲೇನ್ರಿ?”

ಯಾರೋ ಕಿಸಕ್ಕೆಂದರು. ಅಪ್ಪಾಜಿ ಕೈ ಮುಗಿದರು. ಅದೊಂದನ್ನು ಅತ್ತೆ ಹೇಳಿಕೊಟ್ಟಿದ್ದಳಲ್ಲ.

“ನಾನೇ ಕಣ್ರಮ್ಮ.”

“ಅವತ್ತು ಖಾಲಿ ಐತೆ ಅಂದ್ರಿ. ಇವತ್ತು ಹುಡುಗಿ ಒಳ್ಳೇಳು ಅಂತೀರಿ. ನಿಮ್ಮ ಯಾವ ಮಾತು ನಂಬಾನ?”

ಹಾಲಮ್ಮನ ದನಿಯಲ್ಲಿ ಕುಹಕವಿರಲಿಲ್ಲ. ಮಗನಿಗೆ ಹೆಣ್ಣು ನೋಡಲು ಬಂದ ತಾಯಿ ಕೇಳಬೇಕಾದದ್ದನ್ನೇ ಕೇಳಿದ್ದರು.  ಅಪ್ಪಾಜಿ ಮತ್ತೆ ಬಾಯಿ ತೆರೆದಾಗ ಬಂದದ್ದು ಮನೆಯ ಪಿಸುದನಿ.

“ನನ್ನ ಮಾತು ನಂಬಬ್ಯಾಡ್ರಿ. ನೀವೇ ನೋಡ್ಕಳ್ರಿ. ನಾನು ಆಫೀಸ್ನಾಗೆ ಇರೋನಲ್ಲ, ಸ್ಟ್ಯಾಂಡ್ನಾಗೆ ಕೂಗೋನು. ಮನಿ ಬಾಡಿಗಿದು. ಈ ಕುರ್ಚಿ ಪಕ್ಕದ ಮನೇದು. ಹುಡುಗಿ ಎಸ್ಸೆಸ್ಸೆಲ್ಸಿ ಎಲ್ಡು ಸಲ ಕುಂತು ಪಾಸಾಗ್ಲಿಲ್ಲ. ಅಡಿಗಿ ಚೆನ್ನಾಗಿ ಮಾಡ್ತಾಳೆ, ಅದನ್ನ ಉಂಡು ನೋಡ್ರಿ.”

ಅತ್ತೆ ಹಣೆ ಹಣೆ ಬಡಿದುಕೊಂಡಳು. ಒಳಗೆ ಅಕ್ಕ ನನ್ನ ಕೈ ಚಿವುಟಿ, “ಎಲ್ಡು ಸಲ ಅಂತಾನೂ ಹೇಳ್ಬೇಕಿತ್ತಾ?” ಎಂದು ಹಲ್ಲು ಕಚ್ಚಿದಳು. ಬಂದವರು ಮಂಡಕ್ಕಿ, ಬೋಂಡ ತಿಂದರು, ಅಕ್ಕನನ್ನು ಕರೆಸಿ ನೋಡಿದರು, ಹೆಸರು ಕೇಳಿದರು. ಹುಡುಗ ಎರಡನೇ ಸಲ ಬೋಂಡ ಹಾಕಿಸಿಕೊಂಡ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದರು. ಹೀಗೆ ಎದ್ದು ಹೋದವರಿಂದ ಏನು ತಿಳಿಯುತ್ತದೆಂದು ನಮಗೆ ಹೊನ್ನಾಳಿಯವರು ಕಲಿಸಿದ್ದರು.

ಅಪ್ಪಾಜಿ ಅವರನ್ನು ಬಸ್ಸು ಹತ್ತಿಸಲು ಹೊರಟರು. ಬರಿಗೈಯಲ್ಲಿ ಕಳಿಸಬಾರದೆಂದು ಅವ್ವ ಕಟ್ಟಿಕೊಟ್ಟ ಚಕ್ಕುಲಿಯ ಗಂಟು ಹಿಡಿದು ನಾನು ಹಿಂದೆ ಹೋದೆ. ಮೊದಲು ಬಂದದ್ದು ಅಪ್ಪಾಜಿ ದಿನಾ ಹತ್ತಿಸುವ ಬಸ್ಸೇ. ಕಂಡಕ್ಟರು, “ಏನ್ ಈರಣ್ಣ, ಇವತ್ತು ಮದುಮಗನಂಗೆ ಬಂದೀಯ? ಕೂಗು ಮತ್ತೆ” ಅಂದ. ಅಪ್ಪಾಜಿ ಒಳಗೆ ಇಣುಕಿ ನೋಡಿದರು. ಹಾಲಮ್ಮನ ಕಡೆ ತಿರುಗಿ, “ಇದ್ರಾಗೆ ಜಾಗ ಇಲ್ಲ, ಹತ್ತಬ್ಯಾಡ್ರಿ” ಅಂದರು. ಅವರ ಹಿಂದೆ ಹತ್ತಲು ನಿಂತಿದ್ದವರೂ ಅದನ್ನು ಕೇಳಿ ಹಿಂದೆ ಸರಿದರು. ಕಂಡಕ್ಟರು ಬಾಯಿ ತೆರೆದು ನೋಡಿದ. ಮುಂದಿನ ಬಸ್ಸಿಗೂ ಅದೇ ಮಾತು, ಅದರ ಮುಂದಿನದಕ್ಕೂ ಅದೇ. ಹೋಟೆಲಿನವರು, ಹಣ್ಣಿನ ಗಾಡಿಯ ಬಾಷಣ್ಣ, ಎಲ್ಲರೂ ಕೆಲಸ ಬಿಟ್ಟು ನಮ್ಮನ್ನೇ ನೋಡತೊಡಗಿದರು. ಸುಳ್ಳಿಗೆ ಸಿಕ್ಕಿ ದಾವಣಗೆರೆ ತನಕ ನಿಂತಿದ್ದ ಹಾಲಮ್ಮ ಈಗ ಸತ್ಯಕ್ಕೆ ಸಿಕ್ಕಿ ಚನ್ನಗಿರಿಯಲ್ಲೇ ನಿಲ್ಲುವಂತಾಯಿತು. ಕೊನೆಗೆ ಸಿಮೆಂಟು ಕಟ್ಟೆಯ ಮೇಲೆ ಕೂತು ಅಪ್ಪಾಜಿಯನ್ನು ಪಕ್ಕಕ್ಕೆ ಕರೆದರು.

“ಕುಂತ್ಕಳ್ರಿ. ಹುಡುಗಿ ನಮ್ಮ ಹುಡುಗಂಗೆ ಒಪ್ಪಿಗಿ ಐತೆ. ನಂಗೂ ಐತೆ.”

ಅಪ್ಪಾಜಿ ಕೂರದೆ ನಿಂತಲ್ಲೇ ಕೈ ಮುಗಿದರು.

“ಒಂದು ಮಾತು ನಡೆಸ್ಕೊಡ್ರಿ. ನಮ್ಮೋರೆಲ್ಲ ಇನ್ಮೇಲೆ ಇದೇ ಸ್ಟ್ಯಾಂಡ್ನಾಗೆ ಇಳಿಯೋರು, ಹತ್ತೋರು. ಬೀಗರು ಇಲ್ಲಿ ನಿಂತು ಕೂಗ್ತಿದ್ರೆ ನಾಳಿಂದ ನಮ್ಮ ಓಣ್ಯಾಗೆ ಅದೇ ಮಾತು. ನಿಮ್ಮ ಹುಡುಗಿ ತಲಿ ಎತ್ತಾಕೆ ಆಗಲ್ಲ. ಈ ಕೆಲ್ಸ ಬಿಟ್ಬಿಡ್ರಿ.”

“ಆಗ್ಲಮ್ಮ,” ಎಂದರು ಅಪ್ಪಾಜಿ. ಅತ್ತೆಗೆ ಹೇಳಿದಂತೆಯೇ, ಒಂದು ಗಳಿಗೆಯೂ ಯೋಚಿಸದೆ. ನಾನು ಚಕ್ಕುಲಿಯ ಗಂಟು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹಾಲಮ್ಮನ ಕಾಲಿಗೆ ಬೀಳೋಣವೆನ್ನಿಸಿತು. ಶಾಲೆಯ ಹುಡುಗಿಯರ ಬಾಯಿಯನ್ನು ನಾನು ಮುಚ್ಚಿಸಲಾರದೆ ಹೋಗಿದ್ದೆ, ಈ ಹೆಂಗಸು ಕೂತಲ್ಲೇ ಮುಚ್ಚಿಸಿದರಲ್ಲ.

ಅಪ್ಪಾಜಿ ಆ ವಾರವೇ ಕೆಲಸ ಬಿಟ್ಟರು. ಮೆಕ್ಕೆಜೋಳದ ಗೋದಾಮೊಂದರಲ್ಲಿ ಚೀಲಗಳಿಗೆ ಕಾವಲು ಕೂರುವ ಕೆಲಸ ಸಿಕ್ಕಿತು. ಅಲ್ಲಿ ಯಾರ ಜೊತೆಯೂ ಮಾತಾಡಬೇಕಾಗಿರಲಿಲ್ಲ. ಅವ್ವ ಹೊಸ್ತಿಲಿನಿಂದ ಎರಡನೇ ಚೊಂಬು ಎತ್ತಿ ಒಳಗಿಟ್ಟಳು. ನಾನು ಮೊದಲ ಸಲ ಸ್ಟ್ಯಾಂಡಿನ ನಡುವೆಯೇ ನಡೆದು ಶಾಲೆಗೆ ಹೋದೆ. ಅಪ್ಪಾಜಿ ನಿಲ್ಲುತ್ತಿದ್ದ ಜಾಗದಲ್ಲಿ ಯಾರೋ ಹೊಸಬ ನಿಂತು ಕೂಗುತ್ತಿದ್ದ. ಅವನ ದನಿ ಬಸ್ಸಿನ ಬಾಗಿಲನ್ನೂ ದಾಟುತ್ತಿರಲಿಲ್ಲ. ಜನ ಎಲ್ಲಿ ಹತ್ತಬೇಕೆಂದು ತಿಳಿಯದೆ ಅತ್ತಿಂದಿತ್ತ ಓಡುತ್ತಿದ್ದರು. ಅವತ್ತು ನನಗೆ ಬೇರೆ ಥರದ ನಾಚಿಕೆಯಾಯಿತು. ಇಷ್ಟು ವರ್ಷ ನಾನು ತಪ್ಪಿಸಿಕೊಂಡು ಓಡಾಡಿದ್ದು, ಈ ಊರಿನಲ್ಲಿ ಅಪ್ಪಾಜಿಯೊಬ್ಬರೇ ಚೆನ್ನಾಗಿ ಬಲ್ಲ ಕೆಲಸದಿಂದ. ಮನೆಯಲ್ಲಿ ಅವ್ವ ಅನ್ನಕ್ಕಿಡುವ ಹೊತ್ತು ತಪ್ಪತೊಡಗಿತು. “ಇನ್ನೂ ಸಂತೇಬೆನ್ನೂರ್ದು ಬಂದಿಲ್ಲೇನೆ?” ಎಂದು ನನ್ನನ್ನು ಕೇಳುತ್ತಿದ್ದಳು. ಬಸ್ಸು ಯಾವಾಗಲೋ ಬಂದು ಹೋಗಿರುತ್ತಿತ್ತು. ಅಪ್ಪಾಜಿ ಗೋಡೆಗೊರಗಿ, ಮನೆಯವರೆಗೆ ಅರೆಬರೆಯಾಗಿ ಬರುವ ಆ ಹೊಸಬನ ಕೂಗಿಗೆ ಕಿವಿಗೊಟ್ಟು, “ಊರಿನ ಹೆಸರು ನುಂಗ್ತಾನೆ” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಮದುವೆ ನಮ್ಮೂರಿನಲ್ಲೇ ಆಯಿತು. ಅಕ್ಕನನ್ನು ಕಳಿಸಿಕೊಡುವ ಹೊತ್ತಿಗೆ ಬೀಗರು ಗೊತ್ತುಮಾಡಿದ್ದ ಬಸ್ಸು ಮಂಟಪದ ಮುಂದೆ ಬಂದು ನಿಂತಿತು. ಜಗಳೂರಿನವರೆಲ್ಲ ಮುಂಬಾಗಿಲಿಗೇ ಮುತ್ತಿದರು. ಮೆಟ್ಟಿಲ ಮೇಲೆ ಹೆಂಗಸರು, ಕೂಸುಗಳು, ಬಕೆಟ್ಟು, ಬುಟ್ಟಿ. ಹಿಂದಿನ ಸೀಟುಗಳಲ್ಲಿ ಒಬ್ಬರೂ ಇರಲಿಲ್ಲ. ಅಕ್ಕ ರೇಷ್ಮೆ ಸೀರೆಯಲ್ಲಿ ಅಳುತ್ತ ಬೆವರುತ್ತ ಕೆಳಗೇ ನಿಂತಿದ್ದಳು, ಅವಳಿಗೂ ದಾರಿಯಿರಲಿಲ್ಲ. ಡ್ರೈವರ್ ಹಾರ್ನು ಹೊಡೆಯುತ್ತಿದ್ದ. ಅಪ್ಪಾಜಿ ಬಾಗಿಲ ಪಕ್ಕ ನಿಂತಿದ್ದರು. ಅವರ ಕತ್ತಿನ ನರ ಉಬ್ಬಿದ್ದು ನನಗೆ ಕಂಡಿತು. ಬಾಯಿ ತೆರೆದರು. ತೆರೆದ ಬಾಯಲ್ಲೇ ಹಾಲಮ್ಮನ ಮುಖ ನೋಡಿದರು, ಮೇಷ್ಟ್ರನ್ನು ಕೇಳಿ ಹೊರಗೆ ಹೋಗುವ ಮಗುವಿನ ಹಾಗೆ. ಹಾಲಮ್ಮ ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಕೂಗಿ ಅಪ್ಪಾಜಿ, ಒಂದೇ ಒಂದು ಸಲ ಕೂಗಿಬಿಡಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ.

ಅಪ್ಪಾಜಿ ಬಾಯಿ ಮುಚ್ಚಿದರು. ಆಮೇಲೆ ಆ ಗುಂಪಿನ ಒಬ್ಬೊಬ್ಬರ ಹತ್ತಿರವೂ ಹೋಗಿ, ಮೊಣಕೈ ಮುಟ್ಟಿ, ಕಿವಿಯ ಬಳಿ ಬಾಗಿ, “ಹಿಂದೆ ಖಾಲಿ ಐತೆ, ನಡೀರಿ” ಎಂದು ಪಿಸುಗುಟ್ಟತೊಡಗಿದರು. ನಿಜಕ್ಕೂ ಖಾಲಿಯಿತ್ತು. ಕೆಲವರು ಕೇಳಿಸಿಕೊಂಡರು, ಕೆಲವರು ಕೇಳಿಸಿಕೊಳ್ಳದೆ ತಳ್ಳಿ ಮುಂದೆ ಹೋದರು. ಬಸ್ಸು ತುಂಬಲು ಬಹಳ ಹೊತ್ತು ಹಿಡಿಯಿತು. ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ಹುಡುಗನ ಕಡೆಯ ಹಿರಿಯರೊಬ್ಬರು ಹಾಲಮ್ಮನನ್ನು ಕೇಳಿದರು.

“ನಿಮ್ಮ ಬೀಗರಿಗೆ ಗಂಟ್ಲು ಸರಿ ಇಲ್ಲೇನಮ್ಮ?”

“ಹಂಗೇನಿಲ್ಲ. ಅವ್ರು ಮೊದ್ಲಿಂದ್ಲೂ ಹಂಗೇ, ದನಿ ಎತ್ತೋರಲ್ಲ,” ಎಂದರು ಹಾಲಮ್ಮ, ಅಭಿಮಾನದಿಂದಲೇ.

ಅಪ್ಪಾಜಿ ಆ ಹಿರಿಯರ ಕಡೆ ತಿರುಗಿ ಕೈ ಮುಗಿದು, ಹೌದೆಂದು ತಲೆಯಾಡಿಸಿ ನಕ್ಕರು.